ಬಾರದವರ ಒಪ್ಪಂದ

ಕಾರವಾರದ ತರಬೇತಿಯಲ್ಲಿ ಅಧಿಕಾರಿ ಮೈಕು ಹಿಡಿದು ಕೇಳಿದರು: “ಕಂಪ್ಯೂಟರ್ ಯಾರ್‍ಯಾರಿಗೆ ಬರ್ತದೆ? ಕೈ ಎತ್ತಿ.”

ಹಾರವಾಡ ಶಾಲೆಯ ಸಾಲಿನಲ್ಲಿ ಎದ್ದದ್ದು ಕವಿತಾಳ ಕೈ ಒಂದೇ. ಪಕ್ಕಕ್ಕೆ ನೋಡಿದಳು. ಗಣಿತದ ನಾಗೇಶ ಮಾಸ್ತರು ಮೇಲೆ ತಿರುಗುವ ಫ್ಯಾನು ನೋಡುತ್ತಿದ್ದರು. ಕನ್ನಡ ಕಲಿಸುವ ಹೀರಾ ತಲೆ ತಗ್ಗಿಸಿದ್ದಳು. ಹೋದ ಮಳೆಗಾಲವಿಡೀ ಶಾಲೆ ಬಿಟ್ಟ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಕಲಿಸಿದವಳು ಕವಿತಾ. ಮೌಸ್ ಮುಟ್ಟಲೂ ಹೆದರುತ್ತಿದ್ದ ಹೀರಾ ಈಗ ಪ್ರಶ್ನೆಪತ್ರಿಕೆ ತಾನೇ ಟೈಪ್ ಮಾಡುತ್ತಾಳೆ.

ಊಟದ ಹೊತ್ತಿಗೆ ಕವಿತಾ ಅವಳನ್ನು ಹಿಡಿದಳು. “ಎಂತಕ್ಕೆ ಕೈ ಎತ್ತಲಿಲ್ಲ?”

“ಬತ್ತದೆ ಅಂದ್ರೆ ಮುಗೀತು ಮಾರಾಯ್ತಿ. ಮತದಾರರ ಪಟ್ಟಿ, ಬಿಸಿಯೂಟದ ಲೆಕ್ಕ, ಊರ ಹೊರೆಯೆಲ್ಲ ನಮ್ ತಲೆಗೆ. ನಾವೆಲ್ಲ ನಿನ್ನೆಯೇ ಮಾತಾಡ್ಕಂಡಿದ್ವಿ.”

“ನಾವೆಲ್ಲ ಅಂದ್ರೆ?”

ನಾಗೇಶ ಮಾಸ್ತರು ಮೀನಿನ ಮುಳ್ಳು ತೆಗೆದಿಡುತ್ತ ನಕ್ಕರು. “ನಿಮ್ಮೊಬ್ಬರನ್ನ ಬಿಟ್ಟು, ಅಕ್ಕೋರೆ. ಯಾರಾದ್ರೂ ಒಬ್ರು ಬೇಕಲ್ಲ ಅವ್ರಿಗೆ!”

ಮರುವಾರವೇ ಆದೇಶ ಬಂತು. ಕವಿತಾ ಕಾರವಾರದ ಕಚೇರಿಗೆ ಹೋಗಿ ಅಂಕಿಅಂಶ ತುಂಬಬೇಕು. ಶಾಲೆಯ ಕಂಪ್ಯೂಟರ್ ತರಗತಿ, ಕಲಿಸುವವರಿಲ್ಲದ ಕಾರಣ, ಬಂದ್. ಮೀನುಗಾರರ ಮನೆಗಳ ಮಕ್ಕಳಿಗೆ ಕಂಪ್ಯೂಟರ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಗೊತ್ತಿದೆ ಅಂದವಳನ್ನು ಮಕ್ಕಳಿಂದ ಕಿತ್ತುಕೊಂಡು, ಗೊತ್ತಿಲ್ಲ ಅಂದವರನ್ನು ಮಕ್ಕಳ ಮುಂದೆ ನಿಲ್ಲಿಸುವ ಇಲಾಖೆ ಇದು!

ಕೊನೆಯ ದಿನ ಅವಳು ಬೇಕೆಂದೇ ಹೀರಾಳನ್ನು ತರಗತಿಗೆ ಕರೆತಂದಳು. “ಮಕ್ಕಳೇ, ಹೀರಾ ಅಕ್ಕೋರಿಗೆ ಚೆನ್ನಾಗಿ ಬರ್ತದೆ. ಇನ್ನು ಇವರನ್ನೇ ಕೇಳಿ.”

ಹೀರಾಳ ಮುಖ ಬಿಳುಚಿತು. “ಸುಮ್ನೆ ತಮಾಷೆ ಮಾಡ್ತ್ರು ಅವ್ರು. ನಂಗೆಲ್ಲಿ ಬತ್ತದೆ!”

ಅಷ್ಟರಲ್ಲಿ ಕರೆಂಟು ಹೋಯಿತು. ಇನ್ನೊಂದೇ ನಿಮಿಷ ಎಂಬಂತೆ ಯುಪಿಎಸ್ ಕೂಗತೊಡಗಿತು. ಎಂಟನೆಯ ತರಗತಿಯ ಸಪ್ನಾ, ಬೋಟಿಗೆ ಹೋದ ಅಪ್ಪನ ಬಗ್ಗೆ ವಾರವೆಲ್ಲ ಕೂತು ಬರೆದ ಪ್ರಬಂಧವನ್ನು ಅಂದೇ ಟೈಪ್ ಮಾಡಿ ಮುಗಿಸಿದ್ದಳು; ಇನ್ನೂ ಸೇವ್ ಮಾಡಿರಲಿಲ್ಲ. “ಅಕ್ಕೋರೆ, ಇದು ಹೋಗ್ತದೆ! ಎಂತ ಒತ್ತೂದು?”

ಕವಿತಾ ಹೀರಾಳನ್ನೇ ನೋಡಿದಳು. ಈಗಲಾದರೂ ಹೇಳುತ್ತಾಳೆ. ಮಗುವಿಗಾಗಿಯಾದರೂ ಹೇಳಲೇಬೇಕು. ಹೀರಾ ಬಾಗಿಲ ಕಡೆ ನೋಡಿದಳು. ಅಲ್ಲಿ ಹೆಡ್‌ಮಾಸ್ತರು ನಿಂತಿದ್ದರು. ಅವಳು ತುಟಿ ಕಚ್ಚಿಕೊಂಡಳು.

ಪರದೆ ಕಪ್ಪಾಯಿತು.

ಸಪ್ನಾ ಅಳಲಿಲ್ಲ. ಹೀರಾಳ ಕಡೆ ತಿರುಗಲೂ ಇಲ್ಲ. ಕವಿತಾಳನ್ನೇ ದಿಟ್ಟಿಸಿ ಕೇಳಿದಳು:

“ನಿಮ್ಗೆ ಬರ್ತಿತ್ತಲ್ಲ, ಅಕ್ಕೋರೆ. ನೀವ್ಯಾಕೆ ಹೇಳಲಿಲ್ಲ?”