ಕುಂಕುಮದ ಬೊಟ್ಟಿನ ಡಬ್ಬಿ

ವಿಶಾಖಪಟ್ಟಣ ಬಿಟ್ಟ ರೈಲು ತುನಿ ದಾಟುವಾಗ ರತ್ನಮ್ಮ ಗಂಡನ ಅಸ್ಥಿಯ ಡಬ್ಬಿಯನ್ನು ಚೀಲದಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ಮುಚ್ಚಳದ ಮೇಲೆ ಕುಂಕುಮದ ಬೊಟ್ಟು!

ಬೊಟ್ಟಿಟ್ಟವರು ಅವರೇ. ಉಕ್ಕಿನ ಕಾರ್ಖಾನೆಯಿಂದ ಗಂಡ ಚಂದ್ರಶೇಖರ ನಿವೃತ್ತರಾದಾಗ ಬಂದ ಜೋಡಿ ಸ್ಟೀಲ್ ಡಬ್ಬಿಗಳಲ್ಲಿ ಒಂದು ಕನ್ನಡಿ ಪಕ್ಕದ ವಿಭೂತಿಗೆ. ಅದಕ್ಕೆ ಗುರುತು ಬೊಟ್ಟು. ಮಡಕೆ ರೈಲಿನಲ್ಲಿ ಒಡೆದೀತೆಂದು ಅಳಿಯ ಆದರ್ಶ ನಿನ್ನೆ ಅಸ್ಥಿಯನ್ನು ಇನ್ನೊಂದಕ್ಕೆ ತುಂಬುತ್ತೇನೆಂದಿದ್ದ. ಇವತ್ತು ಹೊರಡುವ ಗಡಿಬಿಡಿಯಲ್ಲಿ ರತ್ನಮ್ಮ ಕನ್ನಡಿ ಪಕ್ಕ ಕೈಹಾಕಿ, ಹಣೆಗಿಷ್ಟು ಹಚ್ಚಿ, ಉಳಿದ ಚಿಟಿಕೆಯನ್ನು ರೂಢಿಯಂತೆ ಬಾಯಿಗೆ ಹಾಕಿಕೊಂಡಿದ್ದರು. ಬೊಟ್ಟು ನೋಡುವ ವ್ಯವಧಾನ ಯಾರಿಗಿತ್ತು? ವಿಭೂತಿಯ ಡಬ್ಬಿ ಇಲ್ಲಿದ್ದರೆ ಕನ್ನಡಿ ಪಕ್ಕದಲ್ಲಿದ್ದದ್ದು ಅಸ್ಥಿಯದೇ!

“ಹಂಸಾ, ನಿಮ್ಮಪ್ಪನ್ನ ತಿಂದ್ಬಿಟ್ಟೆ ಕಣೇ!”

ಎದುರು ಸೀಟಿನವರಿಗೆ ಕನ್ನಡ ಬರದಿದ್ದದ್ದು ಪುಣ್ಯ. ಕಾಲೇಜಿನಲ್ಲಿ ಮಾನವಶಾಸ್ತ್ರ ಹೇಳುವ ಮಗಳು ವಿಷಯ ಕೇಳಿ ತಾಯಿಯ ಕೈ ಹಿಡಿದಳು. “ಅಮೆಜಾನ್ ಕಾಡಲ್ಲಿ ಕೆಲವರು ಸತ್ತೋರ ಬೂದೀನ ಬಾಳೆಕಾಯಿ ಗಂಜೀಲಿ ಕಲಸಿ ಕುಡೀತಾರಮ್ಮ. ನಮ್ಮೋರನ್ನ ಮಣ್ಣಲ್ಲಿ ಬಿಟ್ಟುಬರೋದೇ ಕ್ರೂರ ಅಂತಾರೆ. ಅದು ಅವರ ಪ್ರೀತಿ.”

“ಅವರಿಗೆ ಸರಿ ಇರಬಹುದು. ನಾನು ಚನ್ನಪಟ್ಟಣದೋಳು.”

“ತೆಗೆದು ನೋಡೋಣ್ವಾ?”

“ನದಿ ಮುಟ್ಟೋವರೆಗೂ ತೆಗೀಬಾರದು.”

ಆದರ್ಶ ಪಾಳಿಯಲ್ಲಿದ್ದ, ಫೋನು ಎತ್ತಲಿಲ್ಲ. ವಿಜಯವಾಡದವರೆಗೆ ರತ್ನಮ್ಮ ಗುಟುಕು ನೀರೂ ಕುಡಿಯಲಿಲ್ಲ. ನಲವತ್ತು ವರ್ಷ ಉಪ್ಪು ಕಮ್ಮಿ, ಹುಳಿ ಜಾಸ್ತಿ ಎಂದು ತಲೆ ತಿಂದ ಮನುಷ್ಯ ಈಗ ತನ್ನ ಹೊಟ್ಟೆಯಲ್ಲೇ ಇದ್ದಾನಲ್ಲ! ನರಭಕ್ಷಕಿಗೆ ಯಾವ ನದಿಯಲ್ಲಿ ಮುಳುಗಿದರೆ ತಾನೇ ಪಾಪ ಹೋದೀತು?

ಕೃಷ್ಣೆಯ ಘಾಟಿನಲ್ಲಿ ಪುರೋಹಿತರು ಮುಚ್ಚಳ ತೆಗೆದರು. ಒಳಗೆ ಬೂದಿಯ ನಡುವೆ ಬಿಳಿ ಎಲುಬಿನ ಚೂರುಗಳು. ರತ್ನಮ್ಮ ಕಣ್ಣಲ್ಲಿ ಕಂಡದ್ದು ಸಾಲದೆಂದು ಬೆರಳಾಡಿಸಿಯೂ ನೋಡಿದರು. ಅಷ್ಟರಲ್ಲಿ ಆದರ್ಶನ ಫೋನು ಬಂತು.

“ಬೊಟ್ಟಿಲ್ಲದ ಡಬ್ಬಿ ಮುಚ್ಚಳ ಸಡಿಲ ಇತ್ತು ಅತ್ತೆ. ವಿಭೂತೀನ ಅದಕ್ಕೆ ಸುರಿದು, ಗಟ್ಟಿ ಡಬ್ಬಿ ಮಾವಂಗೆ ಅಂತ ಇಟ್ಕೊಂಡೆ. ಹೇಳೋದು ಮರೆತೆ.”

ಹೋದ ಜೀವ ಬಂದಂತಾಗಿ ರತ್ನಮ್ಮ ನಕ್ಕೇಬಿಟ್ಟರು. ಪುರೋಹಿತರು ಹುಬ್ಬೇರಿಸಿದರು. ಆಗಲಿ, ಅವರಿಗೇನು ಗೊತ್ತು!

ತಾಯಿ ಮಗಳು ಸೇರಿ ಡಬ್ಬಿಯನ್ನು ನೀರಿಗೆ ಬಗ್ಗಿಸಿದರು.

“ನಿಮ್ಮನ್ನ ತಿಂದಿಲ್ಲ ಕಣ್ರೀ. ಹೋಗಿಬನ್ನಿ,” ಎಂದರು ರತ್ನಮ್ಮ, ದಿನಾ ಪಾಳಿಗೆ ಕಳಿಸುವಾಗ ಹೇಳುತ್ತಿದ್ದ ಅದೇ ದನಿಯಲ್ಲಿ. ಆಮೇಲೆ, ಐದು ದಿನದಿಂದ ಬಾರದ ಅಳು ಬಂತು. ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು ಮಗಳ ಕಡೆ ತಿರುಗಿದರು.

“ಹಸಿವಾಗ್ತಿದೆ ಕಣೇ.”