ವಾಡೆಯೊಳಗಿನ ಕಾಯಿ

ಜುಂಜೇಶ್ ಇನ್ನೊಂದು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಒಳಗೆ ಕೊಬ್ಬರಿ ಬಿಟ್ಟುಕೊಂಡು ಗಡಗಡ ಅಂದಿತು. ಅದನ್ನು ಅಟ್ಟದ ಬಾಯಿಂದ ಕೆಳಗೆ ಬಿಟ್ಟ. ಸದ್ದು ಮಾಡದ ಕಾಯಿಗಳನ್ನು ಇದ್ದ ಜಾಗದಲ್ಲೇ ಇಟ್ಟು ಮಂಡಿಯೂರಿ ಮುಂದೆ ಸರಿದ.

"ಯೋಹಾನಪ್ನೋರು ಇಳೀತಾರಾ, ಇಲ್ಲಾ ಅಲ್ಲಿಂದ್ಲೇ ಸ್ವರ್ಗುಕ್ಕೆ ಹೋಯ್ತಾರಾ?" ಭಾವ ಚಿತ್ತಣ್ಣ ಜಗುಲಿಯಿಂದ ಅವನನ್ನು ಅಣಕಿಸಿ ಕೂಗಿದ.

"ಸುಮ್ಕಿರಿ ಅತ್ಲಾಗೆ," ಕೆಳಗೆ ಕಾಯಿ ಆಯುತ್ತಿದ್ದ ಅಕ್ಕ ಕೆಂಚಕ್ಕ ಗದರಿದಳು. "ಐದ್ ವರ್ಸದ್ ಮೇಲೆ ಬಂದವ್ನೆ."

ಐದು ವರ್ಷದ ಹಿಂದೆ ಅವ್ವನಿಗೆ ಮಣ್ಣು ಹಾಕಿ ಹೋದವನು ತಿಥಿಯ ಊಟಕ್ಕೂ ಬಂದಿರಲಿಲ್ಲ. ಎಡೆಗಿಟ್ಟ ಅನ್ನ ಮುಟ್ಟಬಾರದೆಂದು ತಿಪಟೂರಿನಲ್ಲೇ ಉಳಿದಿದ್ದ. ಆಮೇಲೆ ಅಕ್ಕ, ಭಾವ ಈ ಮನೆಗೆ ಬಂದಿದ್ದರು.

ಅದಕ್ಕೂ ಮೊದಲು, ಅವ್ವ ಇದ್ದಾಗ, ಕುಡಿದು ಶೆಟ್ಟಿಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿದ್ದವನನ್ನು ಎತ್ತಿಕೊಂಡು ಹೋಗಿ, ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತು ಕುಡಿತ ಬಿಡಿಸಿದವರು ತಿಪಟೂರಿನ ಪ್ರಾರ್ಥನಾ ಮನೆಯ ಪಾಸ್ಟರ್ ಸೂರ್ಯಪ್ರಕಾಶ್. ಅದು ಸುಳ್ಳಲ್ಲ, ಇವತ್ತಿಗೂ ಅವನು ಕುಡಿಯುವುದಿಲ್ಲ. ಹಟ್ಟಿಯ ದೇವರು ಜುಂಜಪ್ಪನದು ದೆವ್ವದ ಹೆಸರು ಎಂದು ಅವರು ಅಂದಾಗ ಅವನು ಯೋಹಾನನಾದ. ಮೀಸಲು ಕಾಯಿ ಮನೆಗೆ ಶಾಪ ಅಂದಾಗ ಹಟ್ಟಿಗೆ ಬಂದು ಈ ಅಟ್ಟ ಹತ್ತಿದ. ಜುಂಜಪ್ಪನಿಗೆಂದು ಅವ್ವ ಅರಿಶಿನದ ದಾರ ಕಟ್ಟಿ ಬೇರೆಯಾಗಿ ಇಟ್ಟಿದ್ದ ಕಾಯಿಗಳು. ಹಸಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ಇನ್ನೂ ಆರು ತಿಂಗಳು ಬೇಕಿತ್ತು. ಒಂದೊಂದಾಗಿ ಸುಲಿದು ಅಂಗಳದ ಕಲ್ಲಿಗೆ ಒಡೆದ. ಹುಳಿ ವಾಸನೆ ಎದ್ದಿತು. ಅವ್ವ ಒಂದನ್ನು ಹೊಟ್ಟೆಗೆ ಅವುಚಿಕೊಂಡು ಮೂಲೆಯಲ್ಲಿ ಕುಕ್ಕರಿಸಿದ್ದಳು. ಅದನ್ನೂ ಕಿತ್ತುಕೊಂಡ.

ಪ್ರಾರ್ಥನಾ ಮನೆಯಲ್ಲಿ ಎಷ್ಟೋ ಭಾನುವಾರ ಎದ್ದು ನಿಂತು ಇದನ್ನೇ ಸಾಕ್ಷಿಯಾಗಿ ಹೇಳಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಮೂರು ತಿಂಗಳ ಹಿಂದೆ, ಹುರುಪಿನಲ್ಲಿ, ಅವ್ವ ಕುಕ್ಕರಿಸಿದ್ದು ಹೇಗೆಂದು ಮಾಡಿ ತೋರಿಸಿದ. ಜನ ನಕ್ಕರು. ತಾನೂ ನಕ್ಕ. ಏಳುವಾಗ ಅವನ ಮಂಡಿ ಲಟ್ ಅಂದಿತು, ಅವ್ವನದು ಅನ್ನುತ್ತಿದ್ದ ಹಾಗೆ.

ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಪಾಸ್ಟರ್ ಅವನ ಕೋಣೆಗೇ ಬಂದರು. "ಒಂದ್ಸಾರಿ ಮೊಣಕಾಲೂರಿ ಬ್ರದರ್. ಎಲ್ಲಾ ತೊಳೆದುಹೋಗುತ್ತೆ, ನೆನಪೂ ಉಳಿಯಲ್ಲ." ಹಾಗಾದರೆ ಅವ್ವ ಎಲ್ಲಿ ಕೂರಬೇಕು ಎಂದು ಕೇಳಬೇಕೆನಿಸಿತು. ಕೇಳುವ ಬದಲು ಅವರಿಗೆ ಟೀ ತಂದುಕೊಟ್ಟ.

ಅಟ್ಟದಿಂದ ಇಳಿದಾಗ ಮೈಯೆಲ್ಲ ಮಸಿ. ಕೆಂಚಕ್ಕ ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗೆ ತೋಳಿನವರೆಗೆ ಕೈಯಿಳಿಸಿ ಒಂದು ಕಾಯಿ ತೆಗೆದಳು. ಅರಿಶಿನದ ದಾರ ಬೆಳ್ಳಗಾಗಿತ್ತು.

"ಇದೊಂದುಳ್ದಿತ್ತು ಕಣ್ಲಾ ಜುಂಜ. ಅವತ್ ನೀನು ಬತ್ತೀಯ ಅಂತ ಗೊತ್ತಾದೇಟ್ಗೆ ಅವ್ವ ಇಲ್ಲಿ ಹೂತಿಟ್ಟಿದ್ಲು. ಸಾಯೋ ಗಂಟ ಬಾಗ್ಲು ಸದ್ದಾದ್ರೆ ಸಾಕು, ಮೊದ್ಲು ವಾಡೆ ಕಡೆ ನೋಡೋಳು."

ಜುಂಜೇಶ್ ನೆಲ ನೋಡಿದ. ಕಳ್ಳರಿಗೆ ಹೆದರುವ ಹಾಗೆ ಅವ್ವ ತನಗೆ ಹೆದರಿದ್ದಳು.

"ಸೋಮ್ವಾರ ಜುಂಜಪ್ಪನ್ ಗುಡಿ ಮುಂದೆ ಇದ ಒಡ್ದು ತಪ್ಪಾಯ್ತು ಅನ್ನು. ಹಟ್ಟಿ ಯಜಮಾನ್ರು ಒಪ್ಪವ್ರೆ. ಅಲ್ಲಿಗ್ ಮುಗೀತು ಕಣಪ್ಪ. ಇನ್ನ್ಯಾರೂ ಎತ್ತಾಡಲ್ಲ."

ಅವನು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಗಡಗಡ ಅಂದಿತು.

"ನಾನ್ ಒಡೆಯಲ್ಲಕ್ಕ."

"ಇನ್ನೂವೇ ಆ ದೇವ್ರಾ?" ಚಿತ್ತಣ್ಣ ಬಾಗಿಲಿಗೆ ಬಂದು ನಿಂತಿದ್ದ.

"ಆ ದೇವ್ರೂ ಇಲ್ಲ ಭಾವ."

"ಮತ್ತೆ ಏನ್ಲಾ ನಿಂಗೆ ರೋಗ?"

ಜುಂಜೇಶ್ ವಾಡೆಯ ಮುಂದೆ ಕೂತು, ಅಕ್ಕ ಮಾಡಿದಂತೆಯೇ ತೋಳಿನವರೆಗೆ ಕೈಯಿಳಿಸಿ, ಕಾಯಿಯನ್ನು ತಳದಲ್ಲಿಟ್ಟು ಮೇಲೆ ರಾಗಿ ಎಳೆದ. ಏಳುವಾಗ ಮಂಡಿ ಲಟ್ ಅಂದಿತು. ಕೆಂಚಕ್ಕ ಥಟ್ಟನೆ ಅವನತ್ತ ತಿರುಗಿದಳು.

"ಹೋಗ್ಲಿ ಬುಡು," ದನಿ ತಗ್ಗಿಸಿ ಅಂದಳು. "ನಿನ್ನೆಸ್ರಲ್ಲಿ ನಾನೇ ಒಡ್ದು ಕೈ ಮುಗೀತೀನಿ. ನೀನು ಸುಮ್ಕೆ ಪಕ್ದಲ್ ನಿಂತ್ಕೊ, ಸಾಕು."

"ಬ್ಯಾಡಕ್ಕ, ಮುಗ್ಯೋದು ಬ್ಯಾಡ," ಎಂದ ಜುಂಜೇಶ್.