ಎರಡನೇ ಸಾಲು

ಹದಿನೈದು ದಿನಕ್ಕೆಂದು ನನ್ನ ತಂಗಿಯ ಮನೆಗೆ ಹೋದ ಅಮ್ಮ ನಾಲ್ಕು ತಿಂಗಳಾದರೂ ಹಿಂದಿರುಗಲಿಲ್ಲ. ಫೋನ್ ಮಾಡಿದಾಗೆಲ್ಲ "ಸಮುದ್ರದ ಗಾಳಿ ಮೈಗೆ ಒಗ್ಗಿದೆ ಕಣೇ" ಎನ್ನುತ್ತಿದ್ದಳು. ಇಪ್ಪತ್ತೆರಡು ವರ್ಷ ನನ್ನ ಜೊತೆಗಿದ್ದವಳಿಗೆ ನನ್ನ ಮನೆಯ ಗಾಳಿ ಒಗ್ಗಿರಲಿಲ್ಲವೇ? ನನಗೆ ಹೊಟ್ಟೆ ಉರಿಯಿತು. ಬೇಸರವಾಯಿತು, ಚಿಂತೆಯಾಯಿತು ಎಂದು ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ. ಹೊಟ್ಟೆಯೇ ಉರಿಯಿತು. ಹೊಲಿಗೆ ಅಂಗಡಿಗೆ ಬೀಗ ಹಾಕಿ, ಬೆಳಗಿನ ರೈಲಿಗೆ ತಂಗಿಯಿರುವ ಆ ಹಳೇ ಬಂದರೂರಿನಲ್ಲಿ ಇಳಿದೆ. ಅವತ್ತೇ ಸಂಜೆಯ ರೈಲಿಗೆ ವಾಪಸು ಎರಡು ಟಿಕೆಟ್ ನನ್ನ ಪರ್ಸಿನಲ್ಲಿದ್ದವು. ಕರೆದೊಯ್ಯಲು ಬರುತ್ತಿದ್ದೇನೆಂದು ಫೋನಿನಲ್ಲಿ ಮೊದಲೇ ಹೇಳಿದ್ದೆ.

ಸ್ಟೇಷನ್ನಿಗೆ ಅಮ್ಮ ಒಬ್ಬಳೇ ಬಂದಿದ್ದಳು. ನಮ್ಮೂರಲ್ಲಿ ಎದುರಿನ ಅಂಗಡಿಗೆ ಹೋಗಲೂ ನನ್ನ ಕೈ ಹಿಡಿಯುತ್ತಿದ್ದವಳು!

"ನಿನ್ನ ಮುದ್ದಿನ ಮಗಳೆಲ್ಲಿ?"

"ಅವಳಿಗೆ ಕೈತುಂಬ ಕೆಲಸ. ಬಾ, ಊರು ತೋರಿಸ್ತೀನಿ."

ಬಿಸಿಲು ಆಗಲೇ ಚುರುಗುಡುತ್ತಿತ್ತು. ಅಮ್ಮ ಮುಂದೆ, ನಾನು ಹಿಂದೆ. ಕೋಟೆ ಗೋಡೆಯ ಪಕ್ಕ ಸಾಲಾಗಿ ತುಕ್ಕು ಹಿಡಿದ ಫಿರಂಗಿಗಳು. ಒಂದರ ಮೇಲೆ ಬೆಕ್ಕು ಮಲಗಿತ್ತು. ಹಳೇ ಸುಂಕದ ಕಟ್ಟೆಯ ಮೆಟ್ಟಿಲುಗಳು ನಡುವೆ ಸವೆದು ತಟ್ಟೆಯಂತಾಗಿದ್ದವು. "ಮುನ್ನೂರು ವರ್ಷದಿಂದ ಮೂಟೆ ಹೊತ್ತವರ ಕಾಲು ಕಣೇ ಇದು" ಎಂದಳು, ಅವರೆಲ್ಲ ತನ್ನ ಅಣ್ಣತಮ್ಮಂದಿರು ಎನ್ನುವ ಹಾಗೆ. ಯಾವ ಓಣಿಯಲ್ಲಿ ನೆರಳಿದೆ, ಯಾವ ಕಿಟಕಿಯಿಂದ ದೀಪಸ್ತಂಭ ಕಾಣುತ್ತದೆ, ಎಲ್ಲ ಬಾಯಿಪಾಠ. ನಾನು ಚೆನ್ನಾಗಿದೆ ಎನ್ನಲಿಲ್ಲ. ಚೆನ್ನಾಗಿತ್ತು, ಅದೇ ನನಗೆ ತಡೆಯಲಾಗದ್ದು.

ಕಟ್ಟೆಯ ಮೇಲೆ ಹಗ್ಗ ಸುತ್ತುತ್ತಿದ್ದ ದೋಣಿಯವನೊಬ್ಬ ಕೂಗಿದ. "ಹಾಯಿ ಅಜ್ಜಿ, ಯಾರಿವರು?"

"ನನ್ನ ದೊಡ್ಡ ಮಗಳಪ್ಪಾ. ಕೈ ಅಂದ್ರೆ ಇವಳ ಕೈ. ಗೆರೆ ಎಳೆದ ಹಾಗೆ ಹೊಲೀತಾಳೆ."

ಹೊಗಳಿಕೆ ನನ್ನ ಕಿವಿಗೆ ಬಿತ್ತು, ಒಳಗಿಳಿಯಲಿಲ್ಲ. ನಾಲ್ಕೇ ತಿಂಗಳಲ್ಲಿ ಈ ಊರು ನನ್ನ ಅಮ್ಮನಿಗೆ ಹಾಯಿ ಅಜ್ಜಿ ಎಂದು ಹೆಸರಿಟ್ಟು ಕರೆಯುತ್ತಿತ್ತು. ಯಾರನ್ನು ಕೇಳಿ?

ಹೊಲಿಗೆ ನನಗೆ ಕಲಿಸಿದವಳೇ ಅಮ್ಮ. ಅಂಗಡಿಯೂ ಅವಳದ್ದೇ. ಮೂರು ವರ್ಷದ ಹಿಂದೆ ಅವಳ ಕೈ ನಡುಗತೊಡಗಿತು. ಅವಳು ಹೊಲಿದ ಅಂಚನ್ನು ನಾನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಗಿರಾಕಿಗೆ ಸೊಟ್ಟ ಹೊಲಿಗೆ ಕೊಡಲಾದೀತೇ? ಒಮ್ಮೆ ಗಿರಾಕಿಯ ಎದುರಿಗೇ ಬಿಚ್ಚಿದೆ. ಅವತ್ತಿನಿಂದ ಅಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಪಾಪ, ವಿಶ್ರಾಂತಿ ಪಡೆಯಲಿ ಎಂದುಕೊಂಡೆ.

ತಂಗಿಯದು ಹಾಯಿ ಹೊಲಿಯುವ ಕಸುಬು. ಪ್ರವಾಸಿಗರನ್ನು ಬಂದರು ಸುತ್ತಿಸುವ ಹಳೇ ಮರದ ಹಡಗುಗಳಿಗೆ ಅವಳೇ ಹಾಯಿ ರಿಪೇರಿ ಮಾಡಿಕೊಡುತ್ತಾಳೆ. ಹಳೇ ಗೋದಾಮಿನ ಮಹಡಿ, ಉದ್ದುದ್ದ ಕಿಟಕಿ, ಹಲಗೆಯ ನೆಲದ ತುಂಬ ಹರಡಿದ ದಪ್ಪ ಬಟ್ಟೆ. "ಬಂದ್ಯಾ ಅಕ್ಕ!" ಎಂದು ತಬ್ಬಿಕೊಂಡಳು. ನಾನು ಮರದ ಕೊರಡಿನಂತೆ ನಿಂತೆ.

ಅಮ್ಮ ನೀರು ಕುಡಿದವಳೇ ನೆಲದಲ್ಲಿ ಕೂತು, ಅಂಗೈಗೆ ತೊಗಲಿನ ಪಟ್ಟಿ ಕಟ್ಟಿ, ದಬ್ಬಣ ಹಿಡಿದಳು. ಕೈ ನಡುಗುತ್ತಲೇ ಇತ್ತು. ಆದರೆ ದಬ್ಬಣ ದಪ್ಪ, ಬಟ್ಟೆ ಅದಕ್ಕಿಂತ ದಪ್ಪ; ಚುಚ್ಚಿ ಎಳೆದರೆ ಸಾಕು. ಹೊಲಿಗೆ ಮಾತ್ರ ಕುಡಿದವನು ನಡೆದ ಹಾಗೆ ಹೋಗುತ್ತಿತ್ತು. ಅವಳು ಏನೋ ಗುನುಗುತ್ತಿದ್ದಳು. ನನ್ನ ಮನೆಯಲ್ಲಿ ಅವಳು ಗುನುಗಿದ್ದು ಯಾವಾಗ?

ತಂಗಿಯನ್ನು ಕಿಟಕಿಯ ಬಳಿಗೆ ಎಳೆದೆ. "ಈ ಸೊಟ್ಟ ಹೊಲಿಗೆ ಸಮುದ್ರದಲ್ಲಿ ಕಿತ್ತುಬಂದ್ರೆ?"

"ಬರಲ್ಲ. ಹಾಯಿಗೆ ಯಾವಾಗಲೂ ಎರಡು ಸಾಲು. ಅಮ್ಮ ಒಂದು ಹಾಕ್ತಾಳೆ, ಪಕ್ಕದಲ್ಲಿ ನಾನೊಂದು ಹಾಕ್ತೀನಿ."

"ಅವಳದ್ದು ಬಿಚ್ಚಲ್ವಾ?"

"ಯಾಕಕ್ಕಾ ಬಿಚ್ಚಲಿ? ಅದೂ ಗಟ್ಟಿಯಾಗೇ ಹಿಡಿಯುತ್ತೆ."

ಇಷ್ಟೇನಾ! ಇಷ್ಟರಲ್ಲೇ ಅಮ್ಮನನ್ನು ಬುಟ್ಟಿಗೆ ಹಾಕಿಕೊಂಡುಬಿಟ್ಟಳಾ? ಮೈಯೆಲ್ಲ ಉರಿದುಹೋಯಿತು. "ಕೊಡು ಇಲ್ಲಿ, ಇವತ್ತು ಎರಡನೇ ಸಾಲು ನಂದು" ಎಂದು ಸೆರಗು ಸಿಕ್ಕಿಸಿ ಕೂತೆ.

"ಅಮ್ಮನ ಸಾಲಿಂದ ಒಂದು ಬೆರಳು ದೂರ ಅಕ್ಕ. ಅದು ತಿರುಗಿದ ಕಡೆ ತಿರುಗಬೇಕು."

ನಿನ್ನಿಂದ ಹೊಲಿಗೆ ಕಲಿಯಬೇಕಾ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಮಧ್ಯಾಹ್ನವಿಡೀ ಹೊಲಿದೆ. ಅಂಗೈಯಲ್ಲಿ ಬೊಬ್ಬೆ ಬಂತು. ನನ್ನ ಕೈಗೆ ಸೊಟ್ಟ ಗೊತ್ತಿಲ್ಲ, ಹೊಲಿದರೆ ನೇರ. ಮುಗಿಸಿ ಎದ್ದು ನಿಂತು ನೋಡಿದೆ. ದಾರ ಹಿಡಿದು ಅಳೆದಂತಿತ್ತು.

ತಂಗಿ ಬಗ್ಗಿ ನೋಡಿದಳು. ಮುಖ ಸಪ್ಪಗಾಯಿತು. "ಅಕ್ಕ, ಮೂರು ಕಡೆ ಎರಡು ಸಾಲೂ ಒಂದರ ಮೇಲೊಂದು ಹತ್ತಿವೆ. ಅಲ್ಲೆಲ್ಲ ತೂತು ಒತ್ತೊತ್ತಾಗಿಬಿಡ್ತು. ಮೊದಲನೇ ಗಾಳಿಗೇ ಅಲ್ಲಿಂದ ಹರಿಯುತ್ತೆ. ಒಂದು ಸಾಲು ಬಿಚ್ಚಲೇಬೇಕು."

ಯಾವುದು ಎಂದು ತೀರ್ಮಾನವಾಗುವ ಮೊದಲೇ ಅಮ್ಮ ಕೈ ಚಾಚಿ ಚಿಕ್ಕ ಕತ್ತರಿ ಎತ್ತಿಕೊಂಡಳು.

"ನಂದೇ ಬಿಚ್ತೀನಿ ಬಿಡ್ರೇ," ಎಂದಳು. "ಅವಳದ್ದು ನೇರ ಇದೆ."

ದನಿಯಲ್ಲಿ ಕೋಪವಿರಲಿಲ್ಲ. ನನ್ನ ಅಂಗಡಿಯಲ್ಲಿ ನೋಡಿ ನೋಡಿ ಕಲಿತದ್ದನ್ನು ಒಪ್ಪಿಸುವವಳ ದನಿ. ಗುನುಗು ನಿಂತಿತ್ತು. ಇದನ್ನು ಅವಳಿಗೆ ಕಲಿಸಿದವಳು ನಾನು.

ಅವಳ ಕೈಯಿಂದ ಕತ್ತರಿ ಕಿತ್ತುಕೊಂಡು ನನ್ನ ಸಾಲಿಗೆ ಇಟ್ಟೆ. ಮೊದಲ ಗಂಟು ಕತ್ತರಿಸಿದೆ.

"ಜಗ್ಗಬೇಡ," ಎಂದಳು ಅಮ್ಮ, ನಾನು ಎಂಟು ವರ್ಷದವಳಿದ್ದಾಗ ಹೇಳಿದ ಹಾಗೆಯೇ. "ಬಟ್ಟೆಗೆ ನೋವಾಗದ ಹಾಗೆ ಬಿಚ್ಚು."

ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ದಾರದ ಉಂಡೆಯಾಯಿತು. ಮತ್ತೆ ಹೊಲಿಯಲು ಶುರು ಮಾಡಿದೆ, ಈ ಸಲ ಅಮ್ಮ ತಿರುಗಿದ ಕಡೆ ತಿರುಗುತ್ತ. ಒಂದು ಮೊಳ ಹೊಲಿಯುವಷ್ಟರಲ್ಲಿ ಬೆವರಿಳಿಯಿತು. ನೇರ ಹೊಲಿಯುವುದು ಇದರ ಮುಂದೆ ಏನೂ ಅಲ್ಲ.

"ರೈಲಿಗೆ ಹೊತ್ತಾಯ್ತು," ಎಂದಳು ತಂಗಿ. ಅಮ್ಮ ಎದ್ದಳು. ಬಾಗಿಲ ಹಿಂದೆ ಅವಳ ಚೀಲ ಆಗಲೇ ಕಟ್ಟಿ ಇಟ್ಟಿತ್ತು. ನಾನು ಕರೆದರೆ ಬರುವವಳಿದ್ದಳು, ಒಂದು ಮಾತೂ ಆಡದೆ.

"ಹಾಯಿ ಅರ್ಧ ಆಗಿದೆ, ಎಲ್ಲಿಗೆ ಹೊರಟೆ?" ಎಂದು ಗದರಿದೆ. "ಕೂತ್ಕೋ. ಮುಂದಿನ ತಿಂಗಳು ನಾನೇ ಬರ್ತೀನಿ."

ಅಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೂತಳು. ನಾನು ಮೆಟ್ಟಿಲು ಇಳಿಯುವಾಗ ಮಹಡಿಯಲ್ಲಿ ಗುನುಗು ಮತ್ತೆ ಶುರುವಾಗಿತ್ತು. ತಂಗಿಗೆ ದಿನವೂ ಅದು ಕೇಳುತ್ತದಲ್ಲ ಎಂದು ನನ್ನ ಹೊಟ್ಟೆ ಮತ್ತೆ ಉರಿಯಿತು. ಸುಳ್ಳೇಕೆ ಹೇಳಲಿ?

ರೈಲಿನಲ್ಲಿ ವಿಪರೀತ ಜನ. ಹೆಂಗಸೊಬ್ಬಳು ನನ್ನ ಪಕ್ಕದ ಸೀಟು ತೋರಿಸಿ, "ಖಾಲಿ ಇದೆಯಾ?" ಎಂದಳು.

"ಇಲ್ಲ," ಎಂದೆ. "ಅದು ನಮ್ಮಮ್ಮಂದು."